ಪಿಯಾನೋ ವಾದ್ಯದ ಸುತ್ತಿಗೆಗಳ ಸವೆತ

ವೀಣೆಯ ಮೆಟ್ಟುಗಳ ಮೇಲೆ ತಂತಿಯು ಉಜ್ಜಿ ಉಜ್ಜಿ ಹಳ್ಳ ಬೀಳುವುದನ್ನು ವೈಣಿಕರೆಲ್ಲರೂ ಬಲ್ಲರು. ಪಾಶ್ಚಾತ್ಯರ ಪಿಯಾನೋ ವಾದ್ಯದಲ್ಲಿ ಇಂಥ ಹಳ್ಳವು ಬೀಳುವುದು ಲೋಹದಲ್ಲಲ್ಲ, ಉಣ್ಣೆಯಲ್ಲಿ. ಆ ವಾದ್ಯದ ಮನೆಯೊಂದನ್ನು ಒತ್ತಿದೊಡನೆ ಒಳಗಿನ ಪುಟ್ಟ ಸುತ್ತಿಗೆಯೊಂದು ಚಿಮ್ಮಿ, ತಂತಿಯನ್ನು ಹೊಡೆದು, ಹಿಂದಕ್ಕೆ ಬೀಳುವುದು. ಈಗಿನ ವಾದ್ಯದಲ್ಲಿ ಮನೆಗಳು 88, ಸುತ್ತಿಗೆಗಳೂ ಅಷ್ಟೆ. ಸಂಗೀತಶಾಲೆಗಳಲ್ಲಿ ದಿನವೆಲ್ಲ ನುಡಿಯುವ ವಾದ್ಯಗಳಲ್ಲಿ ಬೇಗನೆ ಕೆಡತಕ್ಕ ಭಾಗ ಈ ಸುತ್ತಿಗೆಯ ಮುಖ.

ಫ್ಲಾರೆನ್ಸ್ ನಗರದ ಬಾರ್ತೊಲೊಮಿಯೊ ಕ್ರಿಸ್ತೊಫೊರಿಯು 1700ರ ಸುಮಾರಿಗೆ ಈ ವಾದ್ಯವನ್ನು ನಿರ್ಮಿಸಿದಾಗ ಉಣ್ಣೆಯ ಸುತ್ತಿಗೆ ಇರಲಿಲ್ಲ. ಲೈಪ್‌ಜಿಗ್ಗಿನಲ್ಲಿರುವ ಅವನ 1726ರ ವಾದ್ಯದ ಸುತ್ತಿಗೆಗಳು ಕಾಗದವನ್ನು ಸುರುಳಿ ಸುತ್ತಿ ಅಂಟಿಸಿದ ಉಂಗುರಗಳು. ನೆತ್ತಿಯ ಮೇಲೆ ತೊಗಲಿನ ಪಟ್ಟಿ. ಪ್ಯಾರಿಸಿನ ಪಾಪ್ ಎಂಬ ಶಿಲ್ಪಿಯು 1826ರಲ್ಲಿ ಫೆಲ್ಟಿನ, ಎಂದರೆ ನೇಯದೆ ಅದುಮಿ ಗಟ್ಟಿಮಾಡಿದ ಉಣ್ಣೆಯ, ಹೊದಿಕೆಗೆ ಹಕ್ಕುಪತ್ರ ಪಡೆದನು. ತಂತಿಗಳು ದಪ್ಪನಾಗಿ ಬಿಗಿತವು ಹೆಚ್ಚುತ್ತ ಬಂದಂತೆ ತೊಗಲು ಹಿಂದೆ ಸರಿದು ಫೆಲ್ಟೇ ನೆಲೆಗೊಂಡಿತು.

ಫೆಲ್ಟಿನ ಗುಣವು ವಿಚಿತ್ರವಾದುದು. ಮೆಲ್ಲನೆ ತಾಗಿದರೆ ಅದು ಮೃದು. ಬಲವಾಗಿ ತಾಗಿದರೆ ಗಡಸು. ಮೃದುವಾದ ಸುತ್ತಿಗೆಯು ತಂತಿಯ ಮೇಲೆ ತುಸು ಹೆಚ್ಚು ಹೊತ್ತು ತಂಗಿ ಮೇಲಣ ಉಪಸ್ವರಗಳನ್ನು ಅಡಗಿಸುವುದು. ಗಡಸಾದುದು ಥಟ್ಟನೆ ಬಿಟ್ಟು ಅವನ್ನು ಎಬ್ಬಿಸುವುದು. ಆದುದರಿಂದ ವಾದಕನು ಬಲವನ್ನು ಹೆಚ್ಚಿಸಿದಾಗ ನಾದದ ಪ್ರಮಾಣದೊಡನೆ ಅದರ ವರ್ಣವೂ ಮಾರ್ಪಡುವುದು. ಈ ಆಘಾತದ ವಿಷಯವನ್ನು ಹೆಲ್ಮ್‌ಹೋಲ್ಟ್ಸನು 1863ರ ತನ್ನ ನಾದಶಾಸ್ತ್ರಗ್ರಂಥದಲ್ಲಿ ವಿಚಾರಿಸಿದನು. ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದ ಸರ್ ಸಿ. ವಿ. ರಾಮನ್ ಅವರೂ ಕಲ್ಕತ್ತೆಯಲ್ಲಿದ್ದಾಗ, ಬ್ಯಾನರ್ಜಿಯವರೊಡನೆ, 1920ರಲ್ಲಿ ಇದೇ ಆಘಾತವನ್ನು ಕುರಿತ ಕಾಫ್‌ಮನ್ನನ ಸಿದ್ಧಾಂತವನ್ನು ಪರಿಶೀಲಿಸಿ ಬರೆದಿರುವರು.

ಸವೆತದ ಕ್ರಮ ಹೀಗೆ. ಮಧ್ಯ ಮತ್ತು ತಾರಸ್ಥಾಯಿಗಳಲ್ಲಿ ಒಂದೊಂದು ಸ್ವರಕ್ಕೆ ಮೂರು ತಂತಿಗಳಿರುವುದರಿಂದ ಸುತ್ತಿಗೆಯ ನೆತ್ತಿಯಲ್ಲಿ ಮೂರು ಗೆರೆಗಳು ಕೊರೆಯಲ್ಪಡುವುವು. ಗೆರೆಯ ತಳದ ಉಣ್ಣೆ ಹೆಪ್ಪುಗಟ್ಟಿದಂತಾಗಿ ನಾದವು ಕರ್ಕಶವಾಗುವುದು. ಮೊಟ್ಟೆಯ ತುದಿಯಂತಿದ್ದ ನೆತ್ತಿಯು ಚಪ್ಪಟೆಯಾಗುವುದು. ಐದಾರು ಸೆಂಟಿಮೀಟರು ಉದ್ದದ ಅತಿತಾರ ತಂತಿಯಲ್ಲಿ ಕೆಲವೇ ಮಿಲಿಮೀಟರಿನ ಚಪ್ಪಟೆಯೂ ದೊಡ್ಡ ಭಾಗವನ್ನೇ ಅದುಮಿಬಿಡುವುದು. ದೊಡ್ಡ ವಾದ್ಯದ ಎಡಗಾಲಿನ ಪೆಡಲನ್ನು ಒತ್ತಿದಾಗ ಸುತ್ತಿಗೆಗಳೆಲ್ಲ ಪಕ್ಕಕ್ಕೆ ಸರಿದು, ತಂತಿಗಳು ಗೆರೆಗಳ ನಡುವಣ ಮೆತ್ತನೆಯ ಉಣ್ಣೆಗೆ ತಾಗುವುವು. ಆಗ ಅದೇ ಮನೆ ಬೇರೆ ವಾದ್ಯದಂತೆ ನುಡಿದರೆ ಸವೆತವು ಬಹಳ ದೂರ ಸಾಗಿದೆಯೆಂದು ತಿಳಿಯಬೇಕು.

ಪ್ರತೀಕಾರಗಳಲ್ಲಿ ಸುಲಭವಾದುದು ಸೂಜಿಯಿಂದ ಚುಚ್ಚಿ ಉಣ್ಣೆಯನ್ನು ಸಡಿಲಿಸುವುದು. ಆದರೆ ಗೆರೆಗಳನ್ನು ಹಾಗೆಯೇ ಬಿಟ್ಟು ಸೂಜಿಯೊಂದನ್ನೇ ನೆಚ್ಚುವುದು ರೋಗವನ್ನು ಬಿಟ್ಟು ನೋವನ್ನು ಮಾತ್ರ ಶಮನಮಾಡಿದಂತೆ. ಮೊದಲು ಉಪ್ಪುಕಾಗದ ಅಂಟಿಸಿದ ಪಟ್ಟಿಯಿಂದ ಭುಜದ ಕಡೆಯಿಂದ ನೆತ್ತಿಯ ಕಡೆಗೆ ಪದರ ಪದರವಾಗಿ ಉಜ್ಜಿ ಮೊದಲಿನ ಆಕಾರವನ್ನು ತರಬೇಕು. ಮೂರು ತಂತಿಗಳೂ ಒಮ್ಮೆಗೇ ತಾಗುವುವೇ ಎಂದು ನೋಡಬೇಕು. ಸೂಜಿಯ ಕೆಲಸ ಆಮೇಲಿನದು. ಉಜ್ಜಿದಷ್ಟೂ ಸುತ್ತಿಗೆ ಗಿಡ್ಡವಾಗಿ ತಂತಿಗೆ ದೂರವಾಗುವುದರಿಂದ ಆ ಅಂತರವನ್ನೂ ಮರಳಿ ಹೊಂದಿಸಬೇಕು. ತೂಕ ಕಡಮೆಯಾಗುವುದರಿಂದ ಮನೆಗಳು ಬೆರಳಿಗೆ ಹಗುರಾಗುವುವು. ಕೆಲವು ವಾದಕರು ಇದನ್ನು ಗುಣವೆಂದೇ ಎಣಿಸುವುದುಂಟು!

ಈ ಚಿಕಿತ್ಸೆಗೆ ಮಿತಿಯುಂಟು. ಪ್ರತಿಸಲವೂ ಉಣ್ಣೆ ಕಳೆದುಹೋಗುವುದು, ಮರಳಿ ಬೆಳೆಯದು. ಹೊದಿಕೆ ಅತಿ ತೆಳುವಾಗಿರುವ ತಾರದ ತುದಿಯಲ್ಲಿ ಮರವೇ ತಂತಿಗೆ ತಾಗುವ ಕಾಲ ಬೇಗ ಬರುವುದು. ಅಲ್ಲಿಗೆ ಮುಂಚೆಯೇ ಸುತ್ತಿಗೆಗಳನ್ನು ಸಾಲಾಗಿ ಬದಲಿಸುವುದು ಯುಕ್ತ. ಶಾಲೆಯ ವಾದ್ಯಕ್ಕೆ ಇದು ಹಣದ ಮಾತು. ಪುರಾತನ ವಾದ್ಯಕ್ಕೆ ಹಾಗಲ್ಲ: ಅದರ ತೊಗಲನ್ನು ಉಜ್ಜುವವನು ಓಲೆಯ ಪ್ರತಿಯ ಅಕ್ಷರವನ್ನು ಹೆರೆದು ತಿದ್ದಿದವನಿಗೆ ಸಮಾನನು. ಆದುದರಿಂದ ಅಂಥವುಗಳಿಗೆ ಪ್ರತಿಕೃತಿಗಳನ್ನು ನಿರ್ಮಿಸಿ, ನುಡಿಸುವ ಭಾರವನ್ನು ಅವುಗಳ ಮೇಲೆ ಹೊರಿಸುವ ಪದ್ಧತಿಯು ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಬಳಕೆಯಲ್ಲಿದೆ.