ಐಹೊಳೆಯ ಸಾಕ್ಷಿ

ಇತಿಹಾಸವೆಂದರೆ ಅರಸರ ನಾಮಾವಳಿಯೆಂದೂ, ಪರೀಕ್ಷೆ ಮುಗಿದೊಡನೆ ಅದನ್ನು ಮರೆಯಬಹುದೆಂದೂ ನಮ್ಮ ವಿದ್ಯಾವಂತರಲ್ಲಿ ಅನೇಕರು ಭಾವಿಸಿರುವರು.

ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಕ್ರಿ. ಶ. 634ರ ಶಾಸನವೊಂದುಂಟು. ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ಸೋಲಿಸಿದನೆಂದು ಅದರಲ್ಲಿ ಕವಿ ರವಿಕೀರ್ತಿಯು ಹೇಳಿರುವನು. ಆದರೆ ರವಿಕೀರ್ತಿಯು ಪುಲಕೇಶಿಯ ಆಶ್ರಿತನು. ಒಡೆಯನನ್ನು ಹೊಗಳುವುದು ಅವನ ಕರ್ತವ್ಯವೇ ಆಗಿದ್ದಿತು. ಅವನ ಮಾತೊಂದನ್ನೇ ನಂಬಿ ಹಿಗ್ಗಿದರೆ ಅಭಿಮಾನವಾದೀತು, ಇತಿಹಾಸವಾಗದು. ಅದೇ ಶತಮಾನದಲ್ಲಿ ಭರತಖಂಡವನ್ನು ಸಂಚರಿಸಿದ ಚೀನದ ಯಾತ್ರಿಕ ಹ್ಯೂಯೆನ್ ತ್ಸಾಂಗನು ಪುಲಕೇಶಿಯ ರಾಜ್ಯದವರು ಹರ್ಷನಿಗೆ ಮಣಿಯಲಿಲ್ಲವೆಂದು ಬರೆದಿಟ್ಟನು. ಅವನಾದರೋ ಹರ್ಷನ ಆದರವನ್ನು ಪಡೆದವನು! ಪರಪಕ್ಷದ ಸಾಕ್ಷಿಯ ಬೆಲೆಯನ್ನು ನಮ್ಮ ವಕೀಲರಿಗೂ ಅಧಿಕಾರಿಗಳಿಗೂ ವಿವರಿಸಬೇಕಾಗಿಲ್ಲ. ಹೊಗಳಿಕೆಯನ್ನೂ ನಿಂದೆಯನ್ನೂ ಹೀಗೆ ತೂಗಿ ನೋಡಲರಿಯದ ಜನರನ್ನು ಯಾವ ವಾಚಾಳಿಯಾದರೂ ತನಗೆ ಬೇಕಾದೆಡೆಗೆ ಒಯ್ಯಬಲ್ಲನು.

ಸಾಕ್ಷಿಗಳು ಉಳಿದರಷ್ಟೆ ವಿಚಾರಣೆ. ರೈಸ್ ಸಾಹೇಬರು 1886ರಿಂದ ತೊಡಗಿ ಮೈಸೂರು, ಕೊಡಗು ಸೀಮೆಗಳ ಶಾಸನಗಳನ್ನು 12 ಸಂಪುಟಗಳಲ್ಲಿ ಪ್ರಕಟಿಸಿದರು. ಅಂಥ ಕಲ್ಲುಗಳು ಇಂದಿಗೂ ಬಟ್ಟೆ ಒಗೆಯುವ ಹಾಸುಗಲ್ಲಾಗಿ ಸವೆಯುತ್ತಲೂ, ನಿಧಿಗಳ್ಳರ ಹಾರೆಗೆ ಒಡೆಯುತ್ತಲೂ ಇವೆ. ವಾಚಕರು ತಮ್ಮ ಜಿಲ್ಲೆಯ ಸಂಪುಟವನ್ನು ಹಿಡಿದು, ತಮ್ಮ ತಾಲ್ಲೂಕಿನ ಕಲ್ಲುಗಳಲ್ಲಿ ಎಷ್ಟು ಉಳಿದಿವೆಯೆಂದು ಒಂದು ಭಾನುವಾರ ನೋಡಿಬರಬಾರದೇಕೆ?