ಮೊದಲು ಮನೆಯ ಕಣಜ, ಆಮೇಲೆ ಮಂಡಿ

ರೈತ ಬಾಂಧವರೆ, ಕಳೆದ ಸಂತೆಯಿಂದ ತಂದ ಚೀಲವನ್ನು ಒಮ್ಮೆ ನೆನಪು ಮಾಡಿಕೊಳ್ಳಿರಿ. ಅದರಲ್ಲಿ ಜೋಳವಿತ್ತೆ? ತೊಗರಿಬೇಳೆ, ಎಣ್ಣೆ ಇದ್ದವೆ? ಇವೆಲ್ಲ ದೇವದುರ್ಗ, ಮಾನ್ವಿಗಳ ಎರೆ ಹೊಲದಲ್ಲಿ ಬೆಳೆಯತಕ್ಕವೇ. ಹತ್ತಿ ಮಾರಿದ ಹಣದಿಂದ ಅವನ್ನೇ ಕೊಂಡರೆ ದಲಾಲಿ, ಬಾಡಿಗೆ ಎರಡು ಸಲ ತೆತ್ತಂತಾಯಿತು.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬಹುಭಾಗ ಜಮೀನನ್ನು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆಂದೇ ಗೊತ್ತುಪಡಿಸಲಾಗಿತ್ತು. ಭತ್ತ ಆ ಮಿತಿ ಮೀರಿ ಹರಡಿತು. ಮೇಲಿನವರ ಗದ್ದೆ ತುಂಬಿದಾಗ ಮಾನ್ವಿ, ರಾಯಚೂರು ಕಡೆಯ ಕೊನೆಯಂಚಿನವರು ನೀರಿಗೆ ಕಾಯಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ಒಂದೇ ಕಾಲುವೆ, ಒಂದೇ ಬೆಳೆಯನ್ನು ನಂಬಿದವರ ಎದೆ ಹೇಗೆ ನಡುಗಿತೆಂಬುದು ತಮಗೆ ತಿಳಿದದ್ದೇ.

ಹತ್ತಿ ಬಿಡಿರೆಂದು ನಾವು ಹೇಳುವುದಿಲ್ಲ. ಲೆಕ್ಕ ಇಷ್ಟೇ: ಐದು ಜನರ ಮನೆಗೆ ದಿನಕ್ಕೆ 2 ಕಿಲೋ ಹಿಟ್ಟೆಂದರೆ ವರ್ಷಕ್ಕೆ ಸುಮಾರು ಏಳೂಕಾಲು ಕ್ವಿಂಟಲ್ ಜೋಳ. ಎಕರೆಗೆ 5 ಕ್ವಿಂಟಲ್ ಬಂದರೂ ಒಂದೂವರೆ ಎಕರೆ ಸಾಕು. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ ಎಂ 35-1 ಬಿಳಿಜೋಳ ಬಿತ್ತಿ, ನಡುವೆ ಕಡಲೆ ಅಕ್ಕಡಿ ಹಾಕಿರಿ. ಅಂಚಿಗೆ ಮುಳ್ಳಿನ ಕುಸುಬೆಯಿದ್ದರೆ ದನ ಒಳನುಗ್ಗವು, ಎಣ್ಣೆಗೂ ಆಯಿತು. ಎತ್ತುಗಳಿಗೆ ಕಣಿಕೆ ಬೇರೆ. ಹಕ್ಕಿಯ ಕಾಟವುಂಟು, ಕೊಯ್ಲಿಗೆ ಆಳು ಸಿಗುವುದು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ನೆರೆಹೊರೆಯವರು ಒಂದೇ ಕಡೆ, ಒಂದೇ ಕಾಲಕ್ಕೆ ಬಿತ್ತಿದರೆ ಎರಡೂ ಹಗುರಾಗುತ್ತವೆ.

ಮಿಕ್ಕ ಜೋಳಕ್ಕೆ ದೂರದ ಪೇಟೆ ಹುಡುಕಬೇಕಿಲ್ಲ. ರಾಯಚೂರು ನಗರದ ಖಾನಾವಳಿಗಳಿಗೆ ದಿನವೂ ರೊಟ್ಟಿ ಬೇಕು. ಕಾಳಿನ ಬದಲು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರಿದರೆ ಕೂಲಿ ಊರಲ್ಲೇ ಉಳಿಯುತ್ತದೆ. ದೇವದುರ್ಗದಿಂದ ಗುಳೆ ಹೋಗುವ ಮನೆಗಳಿಗೆ ಇದು ಸಣ್ಣ ಮಾತಲ್ಲ. ಆದರೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೈಗೇ ಹಣ ಸೇರಬೇಕು, ಇಲ್ಲವಾದರೆ ಸಂಘ ನಾಲ್ಕು ತಿಂಗಳೂ ಬಾಳದು. ಸಣ್ಣ ಆಹಾರ ಘಟಕಗಳಿಗಾಗಿ 2020ರಲ್ಲಿ ಬಂದ ಕೇಂದ್ರ ಯೋಜನೆಯಲ್ಲಿ ಸಾಲದೊಡನೆ ಶೇಕಡಾ 35ರಷ್ಟು, 10 ಲಕ್ಷ ರೂಪಾಯಿ ಮೀರದಂತೆ, ಸಹಾಯಧನ ಗೊತ್ತುಪಡಿಸಲಾಗಿತ್ತು. ಈಗಿನ ನಿಯಮಗಳನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಂಡೇ ಯಂತ್ರ ಕೊಳ್ಳಿರಿ.

ಕಾಳನ್ನು ಹಲ್ಲಿಗೆ ಕಟುಕ್ಕೆನ್ನುವವರೆಗೆ ಒಣಗಿಸಿ, ಒಣಗಿದ ಬೇವಿನೆಲೆಯೊಡನೆ ತುಂಬಿಡಿರಿ. ಉಣ್ಣುವ ಕಾಳಿಗೆ ವಿಷದ ಪುಡಿ ಸರ್ವಥಾ ಬೇಡ. ಬೀಜದ ಕಾಳನ್ನು ಮಾತ್ರ ಬೇರೆ ಚೀಲದಲ್ಲಿ, ಗುರುತು ಹಾಕಿ, ಮಕ್ಕಳ ಕೈಗೆಟುಕದಂತೆ ಇಡತಕ್ಕದ್ದು.