ಮೆಚ್ಚಿದ ಹಾಡು, ಹಂಚಿದ ಹಾಡು

ಒಳ್ಳೆಯ ಹಾಡೊಂದು ಕಿವಿಗೆ ಬಿದ್ದಾಗ ಅದನ್ನು ಮತ್ತೊಬ್ಬರಿಗೂ ಕೇಳಿಸಬೇಕೆಂಬ ಬಯಕೆ ಮನುಷ್ಯನಿಗೆ ಸಹಜವಾದುದು. ಊಟವನ್ನು ಒಬ್ಬನೇ ಮಾಡಿದರೂ ಹೊಟ್ಟೆ ತುಂಬೀತು; ಹಾಡನ್ನು ಒಬ್ಬನೇ ಕೇಳಿದರೆ ಮನಸ್ಸು ತುಂಬದು. ಆದರೆ ‘ಈ ಹಾಡು ನನಗೆ ಮೆಚ್ಚುಗೆಯಾಯಿತು’ ಎನ್ನುವುದು ಎಷ್ಟು ಸುಲಭವೋ, ‘ಏಕೆ ಮೆಚ್ಚುಗೆಯಾಯಿತು’ ಎಂದು ವಿವರಿಸುವುದು ಅಷ್ಟೇ ಕಷ್ಟ. ಹೀಗೆ ಕಾರಣವರಿತು ಮೆಚ್ಚಿ, ಮೆಚ್ಚಿದುದನ್ನು ನಾಡಿಗೆಲ್ಲ ಹಂಚಿದ ಕೆಲವು ಗೆಳೆಯರು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬಾಳಿದರು. ಅವರ ಕೆಲಸವನ್ನು ಅರಿತರೆ, ಅಭಿರುಚಿ ಎಂಬುದು ಬರಿಯ ಕಾಲಕ್ಷೇಪವಲ್ಲ, ಅದೊಂದು ಹೊಣೆ ಎಂಬುದು ತಿಳಿಯುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳು ಜೋಳದ ಸೀಮೆ. ಹಿಟ್ಟಿನ ಗಿರಣಿಗಳು ಬರುವುದಕ್ಕೆ ಮೊದಲು ಇಲ್ಲಿಯ ಹೆಣ್ಣುಮಕ್ಕಳು ಕೋಳಿ ಕೂಗುವ ಹೊತ್ತಿಗೆ ಎದ್ದು, ಅಂದಿನ ರೊಟ್ಟಿಗೆ ಬೇಕಾದ ಜೋಳವನ್ನು ಬೀಸುಕಲ್ಲಿನಲ್ಲಿ ಬೀಸಬೇಕಾಗಿತ್ತು. ಆ ದುಡಿಮೆ ಬಲು ಕಠಿಣ. ಅದರ ಭಾರವನ್ನು ಇಳಿಸಿದ್ದು ಹಾಡು. ಕಲ್ಲಿನ ಸುತ್ತಿಗೆ ತಕ್ಕಂತೆ ಒಬ್ಬಳು ಹಾಡಿದರೆ ಇನ್ನೊಬ್ಬಳು ದನಿಗೂಡಿಸುವಳು. ತವರಿನ ನೆನಪು, ತಾಯಿಯ ಮಮತೆ, ಅಣ್ಣನ ಬರವಿಗಾಗಿ ಕಾಯುವ ಕಾತರ, ಕೂಸಿನ ಆಟ, ಮಳೆಯ ಹಂಬಲ, ಅತ್ತೆಯ ಮನೆಯ ಕಷ್ಟಸುಖ ಎಲ್ಲವೂ ಆ ಹಾಡುಗಳಲ್ಲಿ ಮಾತಾಗುತ್ತಿದ್ದವು. ಬೇರೆಯವರ ಮುಂದೆ ಆಡಲಾಗದ ನೋವನ್ನು ಆಕೆ ಬೀಸುಕಲ್ಲಿನ ಮುಂದೆ ಹಾಡಬಹುದಾಗಿತ್ತು.

ಈ ಹಾಡುಗಳಲ್ಲಿ ಹೆಚ್ಚಿನವು ತ್ರಿಪದಿಯಲ್ಲಿವೆ. ತ್ರಿಪದಿಯು ಮೂರು ಸಾಲುಗಳ ಅಚ್ಚಗನ್ನಡ ಛಂದಸ್ಸು. ಅದರಲ್ಲಿ ಒಟ್ಟು 11 ಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಹಿಡಿಯುವುದರಿಂದ ಮೂರು ಸಾಲು ನಾಲ್ಕರಂತೆ ಕೇಳಿಸುತ್ತದೆ. 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ಬಾದಾಮಿಯಲ್ಲಿ, ಸುಮಾರು 700ರ ಕಾಲದ ಕಪ್ಪೆ ಅರಭಟ್ಟನ ಶಾಸನದಲ್ಲಿ, ಇದೇ ತ್ರಿಪದಿಯನ್ನು ಬಂಡೆಯ ಮೇಲೆ ಕೆತ್ತಲಾಗಿದೆ. ಬಂಡೆಗಲ್ಲಿನಲ್ಲಿ ಉಳಿದ ಛಂದಸ್ಸು ಬೀಸುಕಲ್ಲಿನ ಬಳಿಯಲ್ಲಿಯೂ ಸಾವಿರ ವರ್ಷಕ್ಕೆ ಮೀರಿ ಉಳಿದುಬಂದಿತು. ಅಕ್ಷರ ಬಾರದ ತಾಯಂದಿರು ಗಣಗಳ ಹೆಸರನ್ನು ಅರಿಯದಿದ್ದರೂ ಗಣವನ್ನು ತಪ್ಪಿಸಲಿಲ್ಲ.

ಇಂಥ ಸಂಪತ್ತಿನ ಬೆಲೆಯನ್ನು ಓದಿದವರು ಬಹುಕಾಲ ಅರಿಯಲಿಲ್ಲ. ಹಳ್ಳಿಯ ಹಾಡೆಂದರೆ ಒರಟು, ಅಶುದ್ಧ ಎಂಬ ಭಾವನೆ ಬೇರೂರಿತ್ತು. ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟರು 1880ರ ದಶಕದಲ್ಲಿ ಉತ್ತರ ಕರ್ನಾಟಕದ ಕೆಲವು ಲಾವಣಿಗಳನ್ನು ಸಂಗ್ರಹಿಸಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ್ದು ನಿಜ. ಆದರೆ ಅವು ವೀರರ ಕಥೆಗಳು, ಇತಿಹಾಸದ ಹಾಡುಗಳು. ಅಡುಗೆಮನೆಯ ಮಗ್ಗುಲಲ್ಲಿ ನಸುಕಿನಲ್ಲಿ ಹುಟ್ಟಿದ ಹಾಡು ಇನ್ನೂ ಕಾಗದವನ್ನು ಕಂಡಿರಲಿಲ್ಲ.

ಆ ಕೆಲಸಕ್ಕೆ ಕೈಹಾಕಿದವರು ಹಲಸಂಗಿಯ ಗೆಳೆಯರು. ಹಲಸಂಗಿಯು ಅಂದು ಇಂಡಿ ತಾಲ್ಲೂಕಿಗೆ ಸೇರಿದ್ದ, ಇಂದು ಚಡಚಣ ತಾಲ್ಲೂಕಿನಲ್ಲಿರುವ ಒಂದು ಗಡಿನಾಡಿನ ಹಳ್ಳಿ. ‘ಮಧುರಚೆನ್ನ’ರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ (1903–1953), ಸಿಂಪಿ ಲಿಂಗಣ್ಣ (1905–1993), ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಇವರು ಆ ಬಳಗದ ಪ್ರಮುಖರು. ಜಾತಿ ಮತಗಳು ಬೇರೆಯಾದರೂ ಹಾಡಿನ ಮೆಚ್ಚುಗೆಯಲ್ಲಿ ಅವರೆಲ್ಲ ಒಂದಾಗಿದ್ದರು. ತಮ್ಮ ಮನೆಗಳಲ್ಲಿ, ನೆರೆಹೊರೆಯಲ್ಲಿ ಕೇಳಿಬರುತ್ತಿದ್ದ ಹಾಡುಗಳನ್ನು ಅವರು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವು ಬೆಳಕು ಕಂಡಿತು. ಅದರ ಹಿಂದೆಯೇ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಎಂಬ ಸಂಕಲನಗಳು ಬಂದವು. ಬಿ. ಎಂ. ಶ್ರೀಕಂಠಯ್ಯ, ಮಾಸ್ತಿ, ಬೇಂದ್ರೆಯವರಂಥ ಹಿರಿಯರು ಈ ಹಾಡುಗಳನ್ನು ಮನತುಂಬಿ ಮೆಚ್ಚಿದರು.

ಅದೇ ಕಾಲದಲ್ಲಿ, ಅದೇ ಜಿಲ್ಲೆಯಲ್ಲಿ ಇಂಥದೇ ಮತ್ತೊಂದು ಕಾರ್ಯವೂ ನಡೆದಿತ್ತು. ಫ. ಗು. ಹಳಕಟ್ಟಿಯವರು ಮನೆಮಠಗಳಲ್ಲಿ ಅಡಗಿದ್ದ ತಾಳೆಯೋಲೆಗಳನ್ನು ಅರಸಿ, ಬಸವನಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರ ಹಾಗೂ ಇತರ ಶರಣರ ವಚನಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದಿದ್ದರು. ಓಲೆಯನ್ನು ಗೆದ್ದಲು ತಿನ್ನುತ್ತದೆ. ಆದರೂ ಹುಡುಕಿದರೆ ಒಂದಾದರೂ ಪ್ರತಿ ದೊರೆತೀತು. ಬಾಯಲ್ಲಿ ಮಾತ್ರ ಇರುವ ಹಾಡು ಹಾಡುವವಳೊಡನೆಯೇ ಹೋಗಿಬಿಡುತ್ತದೆ. ಮುಂದೆ ಊರೂರಿಗೆ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು. ಹೆಣ್ಣಿನ ತೋಳಿಗೆ ವಿಶ್ರಾಂತಿ ಸಿಕ್ಕಿತು. ಅದು ಒಳ್ಳೆಯದೇ ಆಯಿತು. ಆದರೆ ಕಲ್ಲು ನಿಂತ ಕಡೆ ಹಾಡೂ ನಿಂತಿತು. ಗೆಳೆಯರು ‘ನಾಳೆ ಬರೆದರಾಯಿತು’ ಎಂದು ಸುಮ್ಮನಿದ್ದಿದ್ದರೆ ಎಷ್ಟೋ ಹಾಡುಗಳ ಕುರುಹೂ ಉಳಿಯುತ್ತಿರಲಿಲ್ಲ.

ಮೆಚ್ಚಿದುದನ್ನು ಹಂಚುವಾಗ ಎಲ್ಲರೂ ನಮ್ಮಂತೆಯೇ ಮೆಚ್ಚಬೇಕೆಂದು ಬಯಸಲಾಗದು. ಒಬ್ಬನಿಗೆ ಭಜನೆ ಹಿತವಾದರೆ ಮತ್ತೊಬ್ಬನಿಗೆ ಚಲನಚಿತ್ರಗೀತೆ ಇಷ್ಟ. ಅಭಿಪ್ರಾಯಭೇದವನ್ನು ಸೊಗಸಾಗಿ ನಡೆಸುವ ರೀತಿಯನ್ನೂ ಈ ಸೀಮೆಯ ಹಾಡುಗಾರಿಕೆಯೇ ಕಲಿಸುತ್ತದೆ. ಹರದೇಶಿ-ನಾಗೇಶಿ ಎಂಬುದು ಇಲ್ಲಿ ಹೆಸರಾದ ಹಾಡಿನ ವಾದ. ಹರದೇಶಿ ಮೇಳದವರು ಶಿವನನ್ನು, ಗಂಡನ್ನು ಎತ್ತಿ ಹಿಡಿದರೆ, ನಾಗೇಶಿ ಮೇಳದವರು ಶಕ್ತಿಯನ್ನು, ಹೆಣ್ಣನ್ನು ಎತ್ತಿ ಹಿಡಿಯುತ್ತಾರೆ. ಡಪ್ಪು, ತುಂತುಣಿಗಳ ನಾದದಲ್ಲಿ ಒಂದು ಮೇಳ ಸವಾಲು ಹಾಕುತ್ತದೆ. ಇನ್ನೊಂದು ಹಾಡಿನಲ್ಲಿಯೇ ಉತ್ತರ ಕೊಡುತ್ತದೆ. ಎದುರಾಳಿಯ ಹಾಡನ್ನು ಪೂರ್ತಿಯಾಗಿ ಕೇಳದವನಿಗೆ ಉತ್ತರ ಹೊಳೆಯುವುದೇ ಇಲ್ಲ. ಕಿವಿಗೊಟ್ಟು ಕೇಳುವುದು, ಕಾರಣ ಕೊಟ್ಟು ಹೇಳುವುದು, ಇವೆರಡೂ ಕೂಡಿದರೆ ವಾದವೂ ಕಲೆಯಾಗುತ್ತದೆ.

ಕಾಲ ಬದಲಾದಂತೆ ಹಂಚಿಕೆಯ ಸಾಧನಗಳೂ ಬದಲಾದವು. 1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವೂ 1957ರಲ್ಲಿ ವಿವಿಧಭಾರತಿಯೂ ಆರಂಭವಾದವು. ಕೇಳುಗರು ಮೆಚ್ಚಿದ ಗೀತೆಯ ಹೆಸರನ್ನು ಅಂಚೆಯ ಕಾರ್ಡಿನಲ್ಲಿ ಬರೆದು ಕಳುಹಿಸಿ, ತಮ್ಮ ಹೆಸರೂ ಊರ ಹೆಸರೂ ಬಾನುಲಿಯಲ್ಲಿ ಕೇಳಿಬರುವುದನ್ನು ಕಾದು ಕುಳಿತಿರುತ್ತಿದ್ದರು. ಇಂದು ಅಂಗೈಯಲ್ಲಿನ ಮೊಬೈಲಿನಿಂದ ಕ್ಷಣಮಾತ್ರದಲ್ಲಿ ಹಾಡು ಕಡಲಾಚೆಗೂ ಸಾಗುತ್ತದೆ. ಕಳುಹಿಸುವುದು ಸುಲಭವಾದಷ್ಟೂ ಮೆಚ್ಚುಗೆಯ ಮಾತು ಮೊಟಕಾಗುತ್ತಿದೆ. ‘ಚೆನ್ನಾಗಿದೆ’ ಎಂಬ ಒಂದೇ ಪದದಲ್ಲಿ ಹಾಡಿನ ಗುಣವೂ ಕೇಳಿದವನ ಮನಸ್ಸೂ ಸ್ಪಷ್ಟವಾಗುವುದಿಲ್ಲ. ಯಾವ ಸಾಲು ಮನಸ್ಸನ್ನು ಹಿಡಿಯಿತು, ಅರ್ಥ ಸೆಳೆಯಿತೋ ಧಾಟಿ ಸೆಳೆಯಿತೋ ಎಂದು ವಿಚಾರಿಸಿದಾಗಲೇ ಮೆಚ್ಚುಗೆಯು ತಿಳಿವಳಿಕೆಯಾಗುತ್ತದೆ.

ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. ಪುಸ್ತಕದಲ್ಲಿ ಹಾಡಿನ ಪದ ಉಳಿಯಿತು, ಧಾಟಿ ಉಳಿಯಲಿಲ್ಲ. ಆ ತ್ರಿಪದಿಗಳನ್ನು ಮೊದಲು ಕಟ್ಟಿದ ತಾಯಂದಿರ ಹೆಸರೂ ನಮಗೆ ದೊರೆತಿಲ್ಲ. ಹಲಸಂಗಿಯ ಗೆಳೆಯರಿಗೆ ಇಲ್ಲದ ಅನುಕೂಲ ಇಂದು ನಮಗಿದೆ, ದನಿಯನ್ನೇ ಹಿಡಿದಿಡಬಹುದು. ನಮ್ಮ ಓಣಿಯಲ್ಲಿ ಸೋಬಾನೆ, ಜೋಗುಳ, ಬೀಸುವ ಪದಗಳನ್ನು ಬಲ್ಲ ಮುದುಕಿ ಇದ್ದರೆ ಆಕೆಯ ಒಪ್ಪಿಗೆ ಪಡೆದು ಹಾಡಿಸಿ ಕೇಳಬೇಕು. ಆಕೆಯ ಹೆಸರು, ಊರು, ಹಾಡಿನ ಸಂದರ್ಭಗಳನ್ನು ಬರೆದಿಡಬೇಕು. ಆಡುನುಡಿಯನ್ನು ‘ತಿದ್ದಿ’ ಗ್ರಂಥದ ನುಡಿಯಾಗಿಸಬಾರದು. ‘ಅವ್ವ’ ಎಂದು ಹಾಡಿದ್ದನ್ನು ‘ತಾಯಿ’ ಎಂದು ಬರೆದರೆ ಅರ್ಥ ಉಳಿದೀತು, ಜೀವ ಹೋದೀತು.

ಹಾಡನ್ನು ಕಟ್ಟುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೆ ಮೆಚ್ಚುವ ಮನಸ್ಸು, ಮೆಚ್ಚಿದುದನ್ನು ಕೆಡದಂತೆ ಇನ್ನೊಬ್ಬರಿಗೆ ದಾಟಿಸುವ ಪ್ರಾಮಾಣಿಕತೆ ಎಲ್ಲರಿಗೂ ಸಾಧ್ಯ. ಹಲಸಂಗಿಯ ಗೆಳೆಯರು ಕೇಳಿದ ಹಾಡುಗಳನ್ನು ಇಂದಿಗೂ ನಾವು ಓದುತ್ತಿದ್ದೇವೆ. ನಾವು ಕೇಳುತ್ತಿರುವ ಹಾಡುಗಳನ್ನು ಮುಂದಿನವರಿಗೆ ಉಳಿಸಿಕೊಡುವುದು ನಮ್ಮ ಪಾಲಿನ ಕೆಲಸ.